ಸೋಲಾರ್ ಹಾಕಿಸುವ ಮುನ್ನ: ಬಿಲ್ಲು, ನೆರಳು, ತಾರಸಿ

ಮನೆಯ ಮೇಲೆ ಸೋಲಾರ್ ಹಾಕಿಸುವ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಹೆಚ್ಚಿನವರು ಯಾವ ಕಂಪನಿಯ ಪ್ಯಾನಲ್ ಒಳ್ಳೆಯದು ಎಂದು ಕೇಳಿದ್ದಾರೆ. ಮನೆಗಳಲ್ಲಿ ನಿಜಕ್ಕೂ ಕಾಡುವುದು ಅಳತೆ ತಪ್ಪಿದ ಸಾಮರ್ಥ್ಯ, ಮೊದಲೇ ನೋಡದ ನೆರಳು, ತುಕ್ಕು ಹಿಡಿದ ಕಂಬ, ಸಡಿಲ ಕನೆಕ್ಟರ್. ಆದ್ದರಿಂದ ಅವನ್ನೇ ಮೊದಲು ಎತ್ತಿಕೊಂಡಿದ್ದೇವೆ.

ನಮ್ಮ ಮನೆಗೆ ತಿಂಗಳಿಗೆ 150–160 ಯೂನಿಟ್ ಸಾಕು. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ. ಆದರೂ ‘78,000 ರೂಪಾಯಿ ಸಬ್ಸಿಡಿ ಸಿಗುತ್ತದೆ, ಈಗಲೇ ಹಾಕಿಸಿ’ ಎಂದು ಒಬ್ಬರು ಬೆನ್ನು ಹತ್ತಿದ್ದಾರೆ. ಹಾಕಿಸಬೇಕೇ?
— ಓದುಗರು, ತುಮಕೂರು

ಬೇಡ. ಕಟ್ಟದ ಬಿಲ್ಲಿನಲ್ಲಿ ಉಳಿಸುವುದಕ್ಕೆ ಏನೂ ಇಲ್ಲ. ಸಬ್ಸಿಡಿ ಕಳೆದ ಮೇಲೂ 3 ಕಿಲೋವ್ಯಾಟ್‌ಗೆ ಕೈಯಿಂದ ಲಕ್ಷದ ಮೇಲೆ ಬೀಳುತ್ತದೆ, ಅದು ವಾಪಸು ಬರುವ ದಾರಿಯೇ ನಿಮಗಿಲ್ಲ.

ನಿಮ್ಮ ಬಳಕೆ 200ರ ಗೆರೆಯ ಹತ್ತಿರ ಹೋಗುತ್ತಿದ್ದರೆ ಮಾತು ಬೇರೆ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು, 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಮನೆಗೆ ಎ.ಸಿ. ಅಥವಾ ಎಲೆಕ್ಟ್ರಿಕ್ ಕಾರು ಬರುವುದು ಖಚಿತವಾದಾಗ ಯೋಚಿಸಿ. ಗೀಸರ್ ಒಂದರಿಂದಲೇ ಬಳಕೆ ಏರುತ್ತಿದ್ದರೆ, ಪ್ಯಾನಲ್‌ಗಿಂತ ಬಹಳ ಕಡಿಮೆ ಖರ್ಚಿನ ಸೋಲಾರ್ ವಾಟರ್ ಹೀಟರ್ ಆ ಕೆಲಸ ಮಾಡುತ್ತದೆ. ನಾಲ್ಕು ಜನರ ಮನೆಗೆ 150–200 ಲೀಟರಿನದು ಸಾಕು.

ನಮ್ಮದು ತಿಂಗಳಿಗೆ ಸರಾಸರಿ 380 ಯೂನಿಟ್. ಒಬ್ಬರು 3 ಕಿಲೋವ್ಯಾಟ್ ಎನ್ನುತ್ತಾರೆ, ಇನ್ನೊಬ್ಬರು 5 ಹಾಕಿಸಿ, ಮಿಕ್ಕಿದ್ದನ್ನು ಮಾರಿ ದುಡ್ಡು ಮಾಡಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಗೃಹಿಣಿ, ಮೈಸೂರು

3 ಕಿಲೋವ್ಯಾಟ್ ಎಂದವರ ಮಾತು. ನಮ್ಮ ರಾಜ್ಯದ ಒಳನಾಡಿನಲ್ಲಿ 1 ಕಿಲೋವ್ಯಾಟ್ ಪ್ಯಾನಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮೂರಕ್ಕೆ 12, ತಿಂಗಳಿಗೆ 360. ಫೆಬ್ರವರಿ–ಮಾರ್ಚ್‌ನಲ್ಲಿ 400 ದಾಟಬಹುದು, ಜುಲೈ ಮೋಡದಲ್ಲಿ 250ಕ್ಕೂ ಇಳಿಯಬಹುದು. ಕಳೆದ 12 ತಿಂಗಳ ಬಿಲ್ಲುಗಳನ್ನು ಜೋಡಿಸಿ, ಸರಾಸರಿ ಯೂನಿಟ್ಟನ್ನು 120ರಿಂದ ಭಾಗಿಸಿ. ಬರುವ ಸಂಖ್ಯೆಯೇ ನಿಮಗೆ ಬೇಕಾದ ಕಿಲೋವ್ಯಾಟ್.

ಮಾರಿ ದುಡ್ಡು ಮಾಡುವ ಮಾತನ್ನು ಲೆಕ್ಕ ಹಾಕಿ ನೋಡಿ. ನೆಟ್ ಮೀಟರಿಂಗ್‌ನಲ್ಲಿ ನೀವು ಗ್ರಿಡ್‌ಗೆ (ಬೀದಿಯ ವಿದ್ಯುತ್ ಜಾಲಕ್ಕೆ) ಕೊಟ್ಟ ಯೂನಿಟ್, ಅಲ್ಲಿಂದ ತೆಗೆದುಕೊಂಡ ಯೂನಿಟ್‌ಗೆ ವಜಾ ಆಗುತ್ತದೆ. ಅಂದರೆ ಆ ಯೂನಿಟ್‌ಗೆ ನೀವು ಕೊಡುತ್ತಿದ್ದ ಪೂರ್ತಿ ದರ, ತೆರಿಗೆ ಸೇರಿ ಆರು ರೂಪಾಯಿಯ ಮೇಲೆ, ಉಳಿಯಿತು. ವಜಾ ಆಗಿ ಮಿಕ್ಕಿದ ಯೂನಿಟ್‌ಗೆ ಸಿಗುವುದು ಕೆಇಆರ್‌ಸಿ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ಗೊತ್ತುಪಡಿಸಿ, ಒಪ್ಪಂದದಲ್ಲಿ ಬರೆದ ದರ. ಅದು ನೀವು ಕೊಳ್ಳುವ ದರಕ್ಕಿಂತ ಸಾಕಷ್ಟು ಕಡಿಮೆ. ಸಬ್ಸಿಡಿಯೂ 3 ಕಿಲೋವ್ಯಾಟ್‌ಗೇ ನಿಲ್ಲುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ನಾಲ್ಕು ಹಾಕಿದರೂ ಹತ್ತು ಹಾಕಿದರೂ ಅಷ್ಟೇ. ಹಾಗಾಗಿ ಮೇಲಿನ 2 ಕಿಲೋವ್ಯಾಟ್ ಪೂರ್ತಿ ನಿಮ್ಮ ಜೇಬಿನದು, ಅದರ ಗಳಿಕೆಯೋ ಕಡಿಮೆ ದರದ್ದು.

3 ಕಿಲೋವ್ಯಾಟ್‌ಗೆ ಒಟ್ಟು ಖರ್ಚು 1.8ರಿಂದ 2.1 ಲಕ್ಷ ಎಂದುಕೊಂಡರೆ ಸಬ್ಸಿಡಿ ಕಳೆದು ಉಳಿಯುವುದು 1.02ರಿಂದ 1.32 ಲಕ್ಷ. ವರ್ಷಕ್ಕೆ 4,200 ಯೂನಿಟ್ ವಜಾ ಆದರೆ 26,000 ರೂಪಾಯಿಯ ಆಸುಪಾಸು ಉಳಿತಾಯ. ಹಾಕಿದ ದುಡ್ಡು ನಾಲ್ಕೈದು ವರ್ಷದಲ್ಲಿ ವಾಪಸು. ಬಿಲ್ಲು ಮಾತ್ರ ಸೊನ್ನೆಯಾಗದು: ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ಪ್ರತಿ ತಿಂಗಳೂ ಇದ್ದೇ ಇರುತ್ತದೆ. ‘ಝೀರೋ ಬಿಲ್’ ಎಂದು ಹೇಳುವ ಮಾರಾಟಗಾರರು ಇದನ್ನು ಬಿಟ್ಟು ಹೇಳುತ್ತಾರೆ.

ಎಲೆಕ್ಟ್ರಿಕ್ ಕಾರಿನ ಯೋಚನೆ ಇದ್ದರೆ ಲೆಕ್ಕ ಬದಲಾಗುತ್ತದೆ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ 140–150 ಯೂನಿಟ್ ಹೆಚ್ಚು ಬೇಕು. ಆಗ 4 ಕಿಲೋವ್ಯಾಟ್ ತಪ್ಪಲ್ಲ.

ಬೆಂಗಳೂರಿನಲ್ಲಿ 30×40 ಸೈಟಿನ ಎರಡು ಅಂತಸ್ತಿನ ಮನೆ. ತಾರಸಿಯಲ್ಲಿ ಹೆಡ್‌ರೂಮ್, ಅದರ ಮೇಲೆ ನೀರಿನ ಟ್ಯಾಂಕ್. ಪಕ್ಕದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಮೇ ತಿಂಗಳಲ್ಲಿ ಬಂದು ನೋಡಿದವರು ‘ನೆರಳೇ ಇಲ್ಲ, 3 ಕಿಲೋವ್ಯಾಟ್ ಆರಾಮಾಗಿ ಕೂರುತ್ತದೆ’ ಎಂದರು. ನಂಬಬಹುದೇ?
— ನಿವೃತ್ತ ಶಿಕ್ಷಕರು, ಬೆಂಗಳೂರು

ಮೇ ತಿಂಗಳಲ್ಲಿ ನೋಡಿದರೆ ನೆರಳು ಕಾಣುವುದೇ ಇಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಈ ಎರಡು ದಿನಗಳ ನಡುವೆ ಅವನು ಉತ್ತರಕ್ಕೆ ವಾಲಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಅದರಲ್ಲೂ ಡಿಸೆಂಬರ್ 21ರ ಹೊತ್ತಿಗೆ ನಡುಹಗಲಲ್ಲೇ ಬರೀ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ನಮ್ಮ ಒಳನಾಡಿನಲ್ಲಿ ಒಳ್ಳೆಯ ಉತ್ಪಾದನೆಯ ಕಾಲ ಶುರುವಾಗುವುದೂ ಆಗಲೇ, ಆಕಾಶ ತಿಳಿಯಾದ ಮೇಲೆ. ಹಾಗಾಗಿ ನೆರಳನ್ನು ಡಿಸೆಂಬರ್ ಲೆಕ್ಕದಲ್ಲೇ ನೋಡಬೇಕು.

ಅದಕ್ಕೆ ಆ್ಯಪ್ ಬೇಕಾಗಿಲ್ಲ, ಟೇಪು ಸಾಕು. ಪ್ಯಾನಲ್ ಕೂರುವ ಮಟ್ಟದಿಂದ ಟ್ಯಾಂಕಿನ ತುದಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ 9ಕ್ಕೆ ನೆರಳಿನ ಉದ್ದ ಆ ಎತ್ತರದ ಒಂದೂವರೆ ಪಟ್ಟು, ವಾಯವ್ಯಕ್ಕೆ ಬೀಳುತ್ತದೆ. ನಡುಹಗಲಲ್ಲಿ ಮುಕ್ಕಾಲು ಪಾಲು, ಉತ್ತರಕ್ಕೆ. ಮಧ್ಯಾಹ್ನ 3ಕ್ಕೆ ಮತ್ತೆ ಒಂದೂವರೆ ಪಟ್ಟು, ಈಶಾನ್ಯಕ್ಕೆ. ಟ್ಯಾಂಕಿನ ತುದಿ 10 ಅಡಿ ಮೇಲಿದ್ದರೆ ಬೆಳಿಗ್ಗೆ 15 ಅಡಿ, ನಡುಹಗಲಲ್ಲಿ ಏಳೂವರೆ ಅಡಿ. ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಈ ಮೂರು ನೆರಳನ್ನು ಬರೆದುಬಿಡಿ. ಹೊರಗೆ ಉಳಿದ ಜಾಗವೇ ನಿಮ್ಮ ಜಾಗ. ಸಾಮಾನ್ಯವಾಗಿ ಅದು ಹೆಡ್‌ರೂಮಿನ ದಕ್ಷಿಣಕ್ಕಿರುತ್ತದೆ. ಹೆಡ್‌ರೂಮೇ ದಕ್ಷಿಣದ ಮೂಲೆಯಲ್ಲಿದ್ದರೆ ಅದರ ಚಾವಣಿಯ ಮೇಲೆ ಒಂದೆರಡು ಪ್ಯಾನಲ್ ಕೂರಿಸಿ, ಟ್ಯಾಂಕನ್ನು ಉತ್ತರಕ್ಕೆ ಸರಿಸುವುದು ಒಳ್ಳೆಯ ಉಪಾಯ. ಪ್ಲಂಬರ್ ಖರ್ಚು ಒಂದು ಸಲದ್ದು, ನೆರಳಿನ ನಷ್ಟ 25 ವರ್ಷದ್ದು.

ಪಕ್ಕದ ಕಟ್ಟಡ ಯಾವ ದಿಕ್ಕಿನಲ್ಲಿದೆ ಎಂದು ನೀವು ಬರೆದಿಲ್ಲ. ಉತ್ತರಕ್ಕಿದ್ದರೆ ಚಿಂತೆ ಕಡಿಮೆ. ಪೂರ್ವಕ್ಕಿದ್ದರೆ ಬೆಳಗಿನದು, ಪಶ್ಚಿಮಕ್ಕಿದ್ದರೆ ಸಂಜೆಯದು ಹೋಗುತ್ತದೆ. ದಕ್ಷಿಣಕ್ಕಿದ್ದು, ನಿಮ್ಮ ತಾರಸಿಗಿಂತ 20 ಅಡಿ ಎತ್ತರವಿದ್ದರೆ ಡಿಸೆಂಬರ್ ನಡುಹಗಲಲ್ಲೇ 15 ಅಡಿ ನೆರಳು ಹೊರಳುತ್ತದೆ. ಗೋಡೆಗಳ ನಡುವಿನ ಅಂತರ ಕಳೆದು ಲೆಕ್ಕ ಹಾಕಿ. ದಕ್ಷಿಣದಲ್ಲಿ ಖಾಲಿ ಸೈಟಿದ್ದರೆ ಅಲ್ಲೂ ಮೂರ್ನಾಲ್ಕು ಅಂತಸ್ತು ಎದ್ದೀತು ಎಂದುಕೊಂಡೇ ಜಾಗ ಆರಿಸಿ.

ನೆರಳಿಗೆ ಇಷ್ಟು ಹೆದರುವುದೇಕೆಂದರೆ, ಪ್ಯಾನಲ್‌ಗಳೆಲ್ಲ ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ. ಒಂದೇ ಪೈಪಿನಲ್ಲಿ ಎಲ್ಲೋ ಕಸ ಸಿಕ್ಕಿಕೊಂಡರೆ ಇಡೀ ಪೈಪಿನ ನೀರು ಕುಗ್ಗುವಂತೆ, ಪ್ಯಾನಲಿನೊಳಗಿನ ನೆರಳು ಬಿದ್ದ ಕೋಶ (ಸೆಲ್) ಸರಣಿಯ ಕರೆಂಟನ್ನೇ ಕುಗ್ಗಿಸಲು ನೋಡುತ್ತದೆ. ಅದನ್ನು ತಪ್ಪಿಸಲು ಪ್ರತಿ ಪ್ಯಾನಲ್‌ನಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳು ಬಿದ್ದ ಮೂರನೇ ಒಂದು ಭಾಗವನ್ನು ಅವು ಬದಿಗೆ ಸರಿಸುತ್ತವೆ. ಅಂದರೆ ಡಿಶ್ ಆಂಟೆನಾದ ಅಂಗೈಯಗಲ ನೆರಳೂ ಪ್ಯಾನಲಿನ ಮೂರನೇ ಒಂದು ಭಾಗವನ್ನು ನುಂಗಬಲ್ಲದು. ಬೆಳಿಗ್ಗೆ ಒಂದು ಗುಂಪಿಗೆ, ಸಂಜೆ ಇನ್ನೊಂದಕ್ಕೆ ನೆರಳು ತಪ್ಪದು ಎನ್ನುವ ಕಡೆ ಎರಡು ಎಂಪಿಪಿಟಿ (ಒಂದೊಂದು ಸರಣಿಯಿಂದ ಬೇರೆ ಬೇರೆಯಾಗಿ ಗರಿಷ್ಠ ಕರೆಂಟ್ ಎಳೆಯುವ ಭಾಗ) ಇರುವ ಇನ್ವರ್ಟರ್, ಅಂದರೆ ಪ್ಯಾನಲಿನ ಡಿಸಿಯನ್ನು ಮನೆಯ ಎ.ಸಿ. ಕರೆಂಟಾಗಿಸುವ ಪೆಟ್ಟಿಗೆ, ತೆಗೆದುಕೊಂಡು ಸರಣಿಗಳನ್ನು ಬೇರೆ ಮಾಡಿಸಿ. ಪ್ಯಾನಲಿಗೊಂದರಂತೆ ಕೂರುವ ಮೈಕ್ರೋ ಇನ್ವರ್ಟರ್ ಇನ್ನೂ ಒಳ್ಳೆಯದು, ಆದರೆ ದುಬಾರಿ.

ಜಾಗದ ಅಂದಾಜೂ ಹೇಳಿಬಿಡೋಣ: 550 ವ್ಯಾಟಿನ ಒಂದು ಪ್ಯಾನಲ್ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ. ಆರು ಪ್ಯಾನಲ್, ಮಧ್ಯೆ ಓಡಾಡುವ ದಾರಿ ಸೇರಿ 250–300 ಚದರಡಿ ನೆರಳಿಲ್ಲದ ಜಾಗ ಬೇಕು. ದಕ್ಷಿಣಕ್ಕೆ ಮುಖ, 10ರಿಂದ 15 ಡಿಗ್ರಿ ಓರೆ. ಓರೆ ಇದಕ್ಕಿಂತ ಕಡಿಮೆಯಾದರೆ ಮಳೆನೀರು ಕೆಳಗಿನ ಅಂಚಿನಲ್ಲಿ ನಿಂತು ಕೆಸರು ಕಟ್ಟುತ್ತದೆ.

ಸೋಲಾರ್ ಇದ್ದರೆ ಕರೆಂಟ್ ಹೋದಾಗಲೂ ಮನೆಯಲ್ಲಿ ದೀಪ ಉರಿಯುತ್ತದೆ ತಾನೆ? ಇರುವ ಯುಪಿಎಸ್ ಮಾರಿಬಿಡಬಹುದೇ?
— ಓದುಗರು, ದಾವಣಗೆರೆ

ಮಾರಬೇಡಿ. ಸಬ್ಸಿಡಿಯಲ್ಲಿ ಬರುವ ಸಾಮಾನ್ಯ ಆನ್‌ಗ್ರಿಡ್ (ಬೀದಿಯ ಲೈನಿಗೆ ಜೋಡಿಸಿದ) ಇನ್ವರ್ಟರ್, ಕರೆಂಟ್ ಹೋದ 2 ಸೆಕೆಂಡಿನೊಳಗೆ ತಾನೂ ನಿಲ್ಲಬೇಕು. ಇದು ದೋಷವಲ್ಲ, ನಿಯಮ. ಲೈನ್ ಆಫ್ ಆಗಿದೆ ಎಂದು ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹರಿಯಬಾರದು. ಮಟಮಟ ಮಧ್ಯಾಹ್ನ ಬಿಸಿಲಿದ್ದರೂ ಪ್ಯಾನಲ್ ಸುಮ್ಮನಿರುತ್ತದೆ.

ದೀಪ, ಫ್ಯಾನಿಗೆ ಈಗಿನ ಯುಪಿಎಸ್ಸೇ ಸಾಕು. ಆದರೆ ಯುಪಿಎಸ್‌ನ ಔಟ್‌ಪುಟ್ ಲೈನಿಗೆ ಸೋಲಾರ್ ಇನ್ವರ್ಟರ್ ಸೇರಿಸಲು ಯಾವ ಎಲೆಕ್ಟ್ರಿಷಿಯನ್‌ಗೂ ಬಿಡಬೇಡಿ, ಯುಪಿಎಸ್ ಸುಟ್ಟುಹೋಗುತ್ತದೆ. ದಿನಕ್ಕೆ ಮೂರ್ನಾಲ್ಕು ಗಂಟೆ ಕರೆಂಟ್ ಹೋಗುವ ಊರಾದರೆ ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ ಯೋಚಿಸಬಹುದು. 5 ಯೂನಿಟ್ ಹಿಡಿಯುವ ಬ್ಯಾಟರಿ 500 ವ್ಯಾಟ್ ಲೋಡನ್ನು ಎಂಟು ಗಂಟೆಯ ಮೇಲೆ ಎಳೆಯುತ್ತದೆ. ಬ್ಯಾಟರಿಗೆ ಸಬ್ಸಿಡಿ ಇಲ್ಲ.

ತಾರಸಿಗೆ ಈಗಷ್ಟೇ ವಾಟರ್‌ಪ್ರೂಫಿಂಗ್ ಮಾಡಿಸಿದ್ದೇವೆ. ಪ್ಯಾನಲ್ ಕೆಳಗೆ ಹಪ್ಪಳ, ಬಟ್ಟೆ ಒಣಗಿಸಲು, ಓಡಾಡಲು ಜಾಗ ಬಿಟ್ಟು ಎತ್ತರದಲ್ಲಿ ಕೂರಿಸಬೇಕೆಂದಿದ್ದೇವೆ. ಸೋರಿಕೆ ಆದೀತೇ?
— ಓದುಗರು, ಹುಬ್ಬಳ್ಳಿ

ತಾರಸಿಗೆ ನೇರ ಡ್ರಿಲ್ ಹೊಡೆದು ಆ್ಯಂಕರ್ ಬೋಲ್ಟ್ ಕೂರಿಸಿದರೆ ಖಂಡಿತ ಆಗುತ್ತದೆ. ಎರಡನೇ ಮಳೆಗಾಲಕ್ಕೆ ಬೋಲ್ಟಿನ ಸುತ್ತ ಕಂದು ಕಲೆ, ಮೂರನೆಯದಕ್ಕೆ ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ತೇವ. ಬದಲಿಗೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಕಾಂಕ್ರೀಟ್ ದಿಮ್ಮಿಗಳನ್ನು ತಾರಸಿಯ ಮೇಲೆ ಬಾಂಡಿಂಗ್ ಕೆಮಿಕಲ್ ಹಚ್ಚಿ ಎರಕ ಹೊಯ್ಯಿಸಿ. ಬೋಲ್ಟುಗಳನ್ನು ಎರಕದಲ್ಲೇ ಹುದುಗಿಸಿ, ಬುಡದ ಸುತ್ತ ಓರೆಯಾಗಿ ಗಾರೆ ಕಟ್ಟಿ ಅದರ ಮೇಲೂ ವಾಟರ್‌ಪ್ರೂಫ್ ಕೋಟ್ ಬಳಿಸಿ. ದಿಮ್ಮಿ ಕೆಳಗಿನ ಬೀಮ್ ಅಥವಾ ಗೋಡೆಯ ನೇರಕ್ಕೇ ಬರಲಿ. ಏಳು ದಿನವಾದರೂ ನೀರುಣಿಸಿ ಆಮೇಲೆ ಕಂಬ ನಿಲ್ಲಿಸಲಿ.

ಇಂಥ ಒಂದು ದಿಮ್ಮಿಯ ತೂಕ 68 ಕೆ.ಜಿ.ಯಷ್ಟು. ಇಷ್ಟೊಂದು ಭಾರ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಪ್ಯಾನಲ್ ತಾರಸಿಯನ್ನು ಅದುಮುವುದಕ್ಕಿಂತ ಗಾಳಿ ಅದನ್ನು ಎತ್ತುವುದೇ ದೊಡ್ಡ ಅಪಾಯ. ಬೆಂಗಳೂರಿಗೆ ಭಾರತೀಯ ಮಾನಕ ಹೇಳುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ಆ ವೇಗದಲ್ಲಿ ಚದರ ಮೀಟರಿಗೆ ಸುಮಾರು 65 ಕೆ.ಜಿ.ಯಷ್ಟು ಒತ್ತಡ. ಒಂದು ಪ್ಯಾನಲ್ 2.6 ಚದರ ಮೀಟರ್, ಎಂದರೆ 170 ಕೆ.ಜಿ. ಎಳೆತ. ಪ್ಯಾನಲಿನ ತೂಕವೋ 30 ಕೆ.ಜಿ. ಉಳಿದದ್ದನ್ನು ದಿಮ್ಮಿ, ಕಂಬ, ಅಡ್ಡಪಟ್ಟಿಗಳೇ ಹಿಡಿಯಬೇಕು. ಏಳೆಂಟು ಅಡಿ ಎತ್ತರದ ಸ್ಟ್ರಕ್ಚರ್‌ಗೆ ಬರೀ ದಿಮ್ಮಿಯ ಭಾರ ನೆಚ್ಚಬೇಡಿ, ಕಂಬಗಳ ನಡುವೆ ಓರೆ ಪಟ್ಟಿ ಕಡ್ಡಾಯ, ವಿನ್ಯಾಸಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಕೇಳಿ.

ಕಬ್ಬಿಣ 80 ಮೈಕ್ರಾನ್ ಹಾಟ್ ಡಿಪ್ ಗ್ಯಾಲ್ವನೈಸ್ ಆಗಿರಲಿ, ಜೋಡಣೆ ಪೂರ್ತಿ ಬೋಲ್ಟಿನಲ್ಲೇ ಆಗಲಿ. ತಾರಸಿಯ ಮೇಲೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗುತ್ತದೆ. ಮೇಲೆ ಬಳಿದ ಬೆಳ್ಳಿ ಪೇಂಟ್ ಎರಡು ಮಳೆಗೆ ಕಿತ್ತು, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮದು ಹಂಚಿನ ಮನೆ, ಸುತ್ತ ಅಡಿಕೆ ತೋಟ, ಸಮುದ್ರ ದೂರವಿಲ್ಲ. ಮಳೆಗಾಲದಲ್ಲಿ ಸೋಲಾರ್ ಏನಾದರೂ ಕೊಡುತ್ತದೆಯೇ?
— ಕೃಷಿಕರು, ಉಡುಪಿ ಜಿಲ್ಲೆ

ಜೂನ್‌ನಿಂದ ಆಗಸ್ಟ್‌ವರೆಗೆ ಬೇಸಿಗೆಯ ಅರ್ಧಕ್ಕಿಂತ ಕಡಿಮೆ ಕೊಡುತ್ತದೆ, ಹೊಯ್ಯುವ ಮಳೆಯ ದಿನ ಇಲ್ಲವೆನ್ನುವಷ್ಟು ಕಡಿಮೆ. ಅಕ್ಟೋಬರ್‌ನಿಂದ ಮೇವರೆಗಿನ ಬಿಸಿಲು ಅದನ್ನು ಬಹುಪಾಲು ತುಂಬಿಕೊಡುತ್ತದೆ. ವರ್ಷದ ಲೆಕ್ಕವೇ ಮುಖ್ಯ.

ಹಂಚಿನ ಮಾಡಿನ ಮೇಲೆ ಮಾತ್ರ ಬೇಡ ಎಂಬುದು ನಮ್ಮ ಸಲಹೆ. ಹಂಚಿನ ಅಡಿಯಿಂದ ಕೊಕ್ಕೆ ಹಾಕಿ ಪಕ್ಕಾಸಿಗೆ ಬಿಗಿಯುವ ಪದ್ಧತಿ ಇದೆ, ನಿಜ. ಆದರೆ ಹಳೆಯ ಮರದಲ್ಲಿ ಗೆದ್ದಲು ಎಲ್ಲಿದೆ ಎಂದು ಮೇಲಿನಿಂದ ತಿಳಿಯದು, ಕೆಲಸದವರು ಓಡಾಡಿದಲ್ಲೆಲ್ಲ ಹಂಚು ಒಡೆಯುತ್ತದೆ, ಪ್ಯಾನಲ್ ಕೆಳಗೆ ಒಡೆದ ಹಂಚನ್ನು ಬದಲಿಸಲು ಪ್ಯಾನಲನ್ನೇ ಬಿಚ್ಚಬೇಕು. ದನದ ಕೊಟ್ಟಿಗೆ ಅಥವಾ ಕಾರ್ ಶೆಡ್‌ಗೆ ಕಬ್ಬಿಣದ ಟ್ರಸ್ ಇದ್ದರೆ ಶೀಟಿನ ಕೆಳಗಿನ ಪರ್ಲಿನ್‌ಗೇ (ಅಡ್ಡ ಕಬ್ಬಿಣಕ್ಕೇ) ಬಿಗಿಯಿರಿ, ಗಾಳಿಯಾಡಲು ನಾಲ್ಕು ಇಂಚು ಬಿಡಿ. ಇಲ್ಲವಾದರೆ ಅಡಿಕೆ ಒಣಗಿಸುವ ಅಂಗಳದ ಉತ್ತರದ ಅಂಚಿನಲ್ಲಿ ನೆಲದಿಂದಲೇ ಕಂಬ ಎಬ್ಬಿಸಿ. ಅಂಗಳಕ್ಕೆ ಬಿಸಿಲು ಬಿಡಲು ನೀವು ಹೇಗೂ ಮರ ಕಡಿದಿರುತ್ತೀರಿ.

ಮಂಗಳೂರಿಗೆ ಮಾನಕ ಹೇಳುವ ಗಾಳಿಯ ವೇಗ 39 ಮೀಟರ್. ಬೆಂಗಳೂರಿನ 33ಕ್ಕೆ ಹೋಲಿಸಿದರೆ ಒತ್ತಡ ಶೇ 40ರಷ್ಟು ಹೆಚ್ಚು, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಂಗಳೂರಿನ ಡ್ರಾಯಿಂಗನ್ನೇ ಕರಾವಳಿಯಲ್ಲಿ ಕಟ್ಟಿದರೆ ಸಾಲದು. ಅಲ್ಯೂಮಿನಿಯಂ ರೈಲು, ಸ್ಟೇನ್‌ಲೆಸ್ ಬೋಲ್ಟ್ ಕೇಳಿ. ಪ್ಯಾನಲ್‌ಗೆ ಉಪ್ಪುಗಾಳಿಯ ಪರೀಕ್ಷೆಯ ಪ್ರಮಾಣಪತ್ರ, ಐಇಸಿ 61701, ಇದೆಯೇ ನೋಡಿ.

ಸಿಡಿಲಿನ ಊರು ನಿಮ್ಮದು. ಮುರಕಲ್ಲಿನ ನೆಲ ಒಣಗಿದಾಗ ಅರ್ಥಿಂಗ್ ಕೈಕೊಡುತ್ತದೆ. ಮಳೆಗಾಲದಲ್ಲಿ ಅಳೆದು ತೋರಿಸಿದ 3 ಓಮ್ ಅರ್ಥಿಂಗ್ ರೋಧ ಮಾರ್ಚ್‌ಗೆ ಎಷ್ಟೋ ಪಟ್ಟು ಆಗಿರುತ್ತದೆ, ಮುಂಗಾರಿಗೆ ಮುಂಚಿನ ಗುಡುಗು ಬರುವುದೋ ಆಗಲೇ. ಹಾಗಾಗಿ ಬೇಸಿಗೆಯಲ್ಲೇ ಅಳೆಸಿ, 5 ಓಮಿನ ಒಳಗೆ ತನ್ನಿ.

ಹೊಸದಾಗಿ ಹಾಕಿಸಿದ 5 ಕಿಲೋವ್ಯಾಟ್. ಬಿಸಿಲು ಜೋರಾದ ಹೊತ್ತಿಗೇ, 11ರಿಂದ 2ರ ನಡುವೆ, ಇನ್ವರ್ಟರ್ ಆಗಾಗ ನಿಲ್ಲುತ್ತದೆ. ಪರದೆಯಲ್ಲಿ ಗ್ರಿಡ್ ಓವರ್‌ವೋಲ್ಟೇಜ್ ಎಂದು ಬರುತ್ತದೆ.
— ಓದುಗರು, ಕೋಲಾರ

ಇನ್ವರ್ಟರ್ ಕೆಟ್ಟಿಲ್ಲ. ಮನೆಯಿಂದ ಕಂಬದ ಕಡೆಗೆ ಕರೆಂಟ್ ತಳ್ಳಬೇಕಾದರೆ ಅದು ಲೈನಿಗಿಂತ ತುಸು ಹೆಚ್ಚು ವೋಲ್ಟೇಜ್ ಕೊಡಲೇಬೇಕು. ತಂತಿ ಸಣ್ಣದಾದಷ್ಟೂ ಈ ಹೆಚ್ಚಳ ದೊಡ್ಡದು. 5 ಕಿಲೋವ್ಯಾಟ್ ಎಂದರೆ 22 ಆ್ಯಂಪಿಯರ್. ತಾರಸಿಯಿಂದ ಮೀಟರಿಗೆ 30 ಮೀಟರ್ ದೂರ, 4 ಚದರ ಮಿ.ಮೀ. ತಾಮ್ರದ ತಂತಿ ಎಂದರೆ ಅದರಲ್ಲೇ 6 ವೋಲ್ಟ್ ಏರಿಕೆ. ನಡುಹಗಲಲ್ಲಿ ಬೀದಿಯ ಬಳಕೆ ಕಡಿಮೆಯಾಗಿ ಲೈನೇ 248ರಲ್ಲಿದ್ದರೆ ಇನ್ವರ್ಟರ್‌ಗೆ 254 ಕಾಣುತ್ತದೆ, 253ರ ಮಿತಿ ದಾಟಿತೆಂದು ನಿಲ್ಲುತ್ತದೆ. ಅದೇ ದೂರಕ್ಕೆ 10 ಚದರ ಮಿ.ಮೀ. ತಂತಿಯಾದರೆ ಏರಿಕೆ ಎರಡೂವರೆ ವೋಲ್ಟ್ ಮಾತ್ರ.

ಮಲ್ಟಿಮೀಟರಿನಲ್ಲಿ ನಡುಹಗಲಲ್ಲಿ ಎರಡು ಕಡೆ ಅಳೆಯಿಸಿ: ಮೀಟರ್ ಬಳಿ ಮತ್ತು ಇನ್ವರ್ಟರ್ ಬಳಿ. ಎರಡರ ನಡುವೆ 3 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಂತಿ ಬದಲಿಸುವುದು ಹಾಕಿದವರ ಹೊಣೆ. ಇನ್ವರ್ಟರ್ ಆಫ್ ಮಾಡಿದಾಗಲೂ ಮೀಟರ್ ಬಳಿಯೇ 250ರ ಮೇಲಿದ್ದರೆ ಬೆಸ್ಕಾಂಗೆ ಬರಹದಲ್ಲಿ ದೂರು ಕೊಡಿ, ಟ್ರಾನ್ಸ್‌ಫಾರ್ಮರ್ ಟ್ಯಾಪ್ ಇಳಿಸಿದರೆ ಸರಿಹೋಗುತ್ತದೆ.

ಆರ್‌ಆರ್ ನಂಬರ್ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಇದೆ. ಅರ್ಜಿ ಹಾಕಬಹುದೇ?
— ಓದುಗರು, ಹಾಸನ

ಮೊದಲು ಹೆಸರು ಬದಲಾವಣೆ, ಆಮೇಲೆ ಅರ್ಜಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆ ಕಂದಾಯದ ರಸೀದಿ, ಒಡಹುಟ್ಟಿದವರ ಒಪ್ಪಿಗೆ ಪತ್ರ ಜೋಡಿಸಿಕೊಂಡು ಉಪವಿಭಾಗ ಕಚೇರಿಗೆ ಹೋಗಿ. ಸಬ್ಸಿಡಿ ಬರುವ ಬ್ಯಾಂಕ್ ಖಾತೆಯ ಹೆಸರು ಮತ್ತು ಬಿಲ್ಲಿನ ಹೆಸರು ತಾಳೆಯಾಗದೆ ದುಡ್ಡು ಸಿಕ್ಕಿಬೀಳುವುದು ಸಾಮಾನ್ಯ. ಆಮೇಲಿನ ಕ್ರಮ: ಸೂರ್ಯಘರ್ ಪೋರ್ಟಲ್‌ನಲ್ಲಿ ನೋಂದಣಿ, ಸರಬರಾಜು ಕಂಪನಿಯ ಒಪ್ಪಿಗೆ, ಪಟ್ಟಿಯಲ್ಲಿರುವ ಗುತ್ತಿಗೆದಾರರ ಆಯ್ಕೆ, ಕೆಲಸ, ನೆಟ್ ಮೀಟರ್, ತಪಾಸಣೆ, ಕೊನೆಗೆ ಸಬ್ಸಿಡಿ. 2024ರ ನಿಯಮ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಗೆ ಕಾಯಬೇಕಿಲ್ಲ. ಸಬ್ಸಿಡಿಗೆ ಕೋಶ, ಪ್ಯಾನಲ್ ಎರಡೂ ಭಾರತದಲ್ಲೇ ತಯಾರಾದ ಡಿಸಿಆರ್ ಪ್ಯಾನಲ್ ಆಗಿರಬೇಕು, ಕೊಟೇಶನ್‌ನಲ್ಲೇ ಆ ಪದ ಬರೆಸಿ.

ನಮ್ಮಲ್ಲಿ ಧೂಳು ವಿಪರೀತ, ಬೋರ್‌ವೆಲ್ ನೀರು ಗಡುಸು. ತೊಳೆಯುವುದು ಹೇಗೆ?
— ಓದುಗರು, ರಾಯಚೂರು

ಒಣ ತಿಂಗಳುಗಳಲ್ಲಿ 15 ದಿನಕ್ಕೊಮ್ಮೆ, ಬೆಳಿಗ್ಗೆ ಬಿಸಿಲೇರುವ ಮುಂಚೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕಿನ ಭಯ. ಮೃದು ಮಾಪ್ ಸಾಕು, ಸೋಪಿನ ಪುಡಿ, ಕಬ್ಬಿಣದ ಜುಂಗು ಬೇಡ. ಗಡುಸು ನೀರು ಆರಿದ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಹಾಗಾಗಿ ಕೊನೆಯ ಒಂದು ಬಕೆಟ್ ಮಳೆನೀರು ಅಥವಾ ಆರ್‌ಒ ನೀರಿರಲಿ, ಆರುವ ಮುನ್ನ ವೈಪರ್‌ನಲ್ಲಿ ಎಳೆದುಬಿಡಿ. ಹಕ್ಕಿ ಹಿಕ್ಕೆ ಕಂಡ ದಿನವೇ ತೆಗೆಯಿರಿ, ಅದರ ಕೆಳಗಿನ ಕೋಶ ಕಾದು ಸುಡುತ್ತದೆ.

ನಿಮ್ಮ ಊರಿನ ಬಿಸಿಲಿನಲ್ಲಿ ಕೋಶದ ಶಾಖ 65 ಡಿಗ್ರಿಗೂ ಏರುತ್ತದೆ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ಶೇ 0.35 ಉತ್ಪಾದನೆ ಕುಸಿಯುವ ಪ್ಯಾನಲ್ ಆಗ ಶೇ 14 ಕಳೆದುಕೊಳ್ಳುತ್ತದೆ. ಟಾಪ್‌ಕಾನ್ ಎಂಬ ಹೊಸ ಬಗೆಯ ಪ್ಯಾನಲ್‌ನಲ್ಲಿ ಈ ಅಂಕಿ 0.30ರ ಆಸುಪಾಸು, ನಷ್ಟ ಶೇ 12. ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಇನ್ವರ್ಟರನ್ನು ಬಿಸಿಲು ಬೀಳುವ ಗೋಡೆಗೆ ನೇತುಹಾಕಬೇಡಿ, ಮೆಟ್ಟಿಲ ಕೆಳಗಿನ ಗಾಳಿಯಾಡುವ ಜಾಗ ಒಳ್ಳೆಯದು.

ಕೆಲಸ ಮುಗಿದ ದಿನ ನಾವೇ ಏನೇನು ನೋಡಿಕೊಳ್ಳಬೇಕು?
— ಓದುಗರು, ಶಿವಮೊಗ್ಗ

ಕೆಲಸ ನಡೆಯುವಾಗಲೇ ತಾರಸಿಗೆ ಹೋಗಿ. ಪ್ಯಾನಲ್ ಮೇಲೆ ಯಾರೂ ಕಾಲಿಡದಂತೆ ನೋಡಿ. ತುಳಿದಾಗ ಒಳಗೆ ಬೀಳುವ ಬಿರುಕು ಕಣ್ಣಿಗೆ ಕಾಣದು, ಎರಡು ವರ್ಷ ಬಿಟ್ಟು ಉತ್ಪಾದನೆಯಲ್ಲಿ ಕಾಣುತ್ತದೆ. ಪ್ರತಿ ಪ್ಯಾನಲಿನ ಸೀರಿಯಲ್ ನಂಬರಿನ ಫೋಟೊ ತೆಗೆದು ಇನ್‌ವಾಯ್ಸ್ ಜೊತೆ ತಾಳೆ ನೋಡಿ.

ಬೆಂಕಿಗೆ ಮುಖ್ಯ ಕಾರಣ ಪ್ಯಾನಲಿನ ಕೇಬಲ್‌ಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್. ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದರದು ಆದರೆ ‘ಟಕ್’ ಎಂದು ಕೂತಂತೆ ಕಂಡರೂ ಒಳಗೆ ಬಿಗಿ ಇರುವುದಿಲ್ಲ, ಕಾದು ಕರಗುತ್ತದೆ. ಎರಡೂ ಒಂದೇ ಕಂಪನಿಯದಿರಲಿ, ತಾರಸಿಯ ನೀರಿನಲ್ಲಿ ಬಿದ್ದಿರದೆ ರೈಲಿಗೆ ಕಟ್ಟಿರಲಿ. ಡಿಸಿ ಕೇಬಲ್ ಕನಿಷ್ಠ 4 ಚದರ ಮಿ.ಮೀ. ಸೋಲಾರ್ ಕೇಬಲ್ ಆಗಿರಲಿ. ಡಿಸಿ ಪೆಟ್ಟಿಗೆಯಲ್ಲಿ ಸರ್ಜ್ ಪ್ರೊಟೆಕ್ಟರ್ (ದಿಢೀರ್ ವೋಲ್ಟೇಜ್ ಏರಿಕೆ ತಡೆಯುವ ಸಾಧನ) ಇದೆಯೇ, ಅರ್ಥಿಂಗ್ ಗುಂಡಿ ಮೂರಿವೆಯೇ ಎಂದು ನೋಡಿ: ಪ್ಯಾನಲ್‌ಗೆ ಒಂದು, ಇನ್ವರ್ಟರ್‌ಗೆ ಒಂದು, ಮಿಂಚುತಡೆಗೆ ಪ್ರತ್ಯೇಕ ಒಂದು. ಗುಂಡಿಯ ಖರ್ಚು ಉಳಿಸಲು ಎಲ್ಲವನ್ನೂ ಒಂದೇ ಗುಂಡಿಗೆ ಇಳಿಸುವುದು ನಡೆಯುತ್ತಲೇ ಇರುತ್ತದೆ.

ದುಡ್ಡನ್ನು ಹಂತಹಂತವಾಗಿ ಕೊಡಿ. ಶೇ 10–15ನ್ನು ನೆಟ್ ಮೀಟರ್ ಕೂತು, ಸರಬರಾಜು ಕಂಪನಿಯವರು ಚಾಲನೆ ಕೊಟ್ಟ ಮೇಲೆಯೇ ಕೊಡುವುದಾಗಿ ಕರಾರಿನಲ್ಲಿ ಬರೆಸಿ. ಮೊದಲ ಬಿಲ್ಲು ಬಂದಾಗ ಇನ್ವರ್ಟರ್ ಆ್ಯಪಿನ ತಿಂಗಳ ಯೂನಿಟ್ಟನ್ನೂ ಸೋಲಾರ್ ಮೀಟರಿನ ರೀಡಿಂಗನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ಅಂಕಿಗಳು ದೂರದೂರ ಇದ್ದರೆ ಆ ಕೊನೆಯ ಕಂತು ಕೊಡುವ ಮುನ್ನವೇ ಕರೆದು ಕೇಳಿ.